ಕಂಪ್ಯೂಟರ್ ಕೆಲಸದವರ ಕತ್ತು, ಭುಜ, ಸೊಂಟದ ನೋವು: ಇರುವ ಮೇಜು ಕುರ್ಚಿಯಲ್ಲೇ ಏನು ಮಾಡಿಕೊಳ್ಳಬಹುದು

ಹಾಸನದ ತಾಲ್ಲೂಕು ಕಚೇರಿಯ ಪಹಣಿ ಕೌಂಟರಿನಲ್ಲಿ ಕೂರುವ ಆಪರೇಟರ್ ಇರಲಿ, ಬಿ.ಎಂ. ರಸ್ತೆಯ ಬ್ಯಾಂಕಿನ ಗುಮಾಸ್ತರಿರಲಿ, ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ) ನೋಡಿಕೊಳ್ಳುವ ರೈಟರ್ ಇರಲಿ, ಕೆಲಸದ ಹೊತ್ತಿನ ಬಹುಪಾಲು ಈಗ ಪರದೆಯ ಮುಂದೆಯೇ ಕಳೆಯುತ್ತದೆ. ಹಿಂದೆ ಕಡತ ಬೇಕೆಂದರೆ ರೆಕಾರ್ಡ್ ರೂಮಿಗೆ ಹೋಗಬೇಕಿತ್ತು, ಟಪಾಲು ಕೊಡಲು ಪಕ್ಕದ ಶಾಖೆಗೆ ನಡೆಯಬೇಕಿತ್ತು, ಸಾಹೇಬರ ಸಹಿಗೆ ಮಹಡಿ ಹತ್ತಬೇಕಿತ್ತು. ಭೂಮಿ, ಕಾವೇರಿ, ಇ-ಆಫೀಸ್ ಎಂಬ ಸರ್ಕಾರಿ ತಂತ್ರಾಂಶಗಳು ಬಂದ ಮೇಲೆ ಕೆಲಸ ಚುರುಕಾಯಿತು, ನಿಜ. ಆದರೆ ಎದ್ದು ಓಡಾಡುವುದಕ್ಕೆ ಇದ್ದ ನೆಪಗಳೆಲ್ಲ ಒಂದೊಂದಾಗಿ ಇಲ್ಲವಾದವು. ಕತ್ತು, ಭುಜ, ಸೊಂಟ, ಮಣಿಕಟ್ಟುಗಳ ನೋವಿಗೆ ಕೂರುವ ಭಂಗಿ ತಪ್ಪಾಗಿರುವುದಕ್ಕಿಂತ, ಒಂದೇ ಭಂಗಿಯಲ್ಲಿ ಅಲುಗದೆ ಕೂರುವುದೇ ದೊಡ್ಡ ಕಾರಣ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹೆಜ್ಜೆಗಳನ್ನು ಓದಬೇಕು.

ಮನುಷ್ಯನ ತಲೆ ಸುಮಾರು 4.5ರಿಂದ 5 ಕಿಲೋ ತೂಗುತ್ತದೆ. ಅದು ಹೆಗಲಿನ ನೇರಕ್ಕಿದ್ದಾಗ ಭಾರವನ್ನು ಬೆನ್ನುಮೂಳೆ ಹೊರುತ್ತದೆ. ಪರದೆಯ ಕಡೆಗೆ ಮುಂದೆ ಚಾಚಿದಾಗ ಕತ್ತಿನ ಹಿಂಭಾಗದ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕಾಗುತ್ತದೆ. ನೀರು ತುಂಬಿದ ಬಿಂದಿಗೆಯನ್ನು ಎತ್ತಿ ಇಳಿಸಿದರೆ ಆಗದ ದಣಿವು ಅದನ್ನು ಹಿಡಿದುಕೊಂಡೇ ನಿಂತರೆ ಆಗುತ್ತದಲ್ಲ, ಇದೂ ಹಾಗೆಯೇ. ಬಿಗಿದುಕೊಂಡೇ ಇರುವ ಸ್ನಾಯುವಿನೊಳಗೆ ರಕ್ತದ ಓಡಾಟ ತಗ್ಗುತ್ತದೆ, ಅದರ ಕೆಲವು ಎಳೆಗಳಿಗೆ ಬೆಳಗಿನಿಂದ ಸಂಜೆಯವರೆಗೆ ಬಿಡುವೇ ಸಿಗುವುದಿಲ್ಲ. ಇದು ಕಂಪ್ಯೂಟರ್ ತಂದ ಹೊಸ ಕಾಯಿಲೆಯೇನೂ ಅಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿ 1713ರಲ್ಲೇ ಗುಮಾಸ್ತರ, ಲಿಪಿಕಾರರ ನೋವುಗಳಿಗೆ ಮೂರು ಕಾರಣ ಹೇಳಿದ್ದ: ಸದಾ ಕುಳಿತಿರುವುದು, ಕೈಯ ಒಂದೇ ಬಗೆಯ ಎಡೆಬಿಡದ ಚಲನೆ, ಮತ್ತು ಲೆಕ್ಕದಲ್ಲಿ ಎಲ್ಲಿ ತಪ್ಪಾಗುತ್ತದೋ ಎಂಬ ಮನಸ್ಸಿನ ಬಿಗಿ. ಮಾರ್ಚ್ ಕೊನೆಯ ವಾರದಲ್ಲಿ ಖಜಾನೆಗೆ ಬಿಲ್ ಕಳಿಸುವವರ ಹೆಗಲುಗಳು ಕಿವಿಯ ಹತ್ತಿರಕ್ಕೆ ಏರಿರುವುದನ್ನು ನೋಡಿದವರಿಗೆ ಆ ಮೂರನೆಯ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲಕ್ಕಿಂತ ಮೊದಲು: ಕಾಯದೆ ವೈದ್ಯರ ಬಳಿ ಹೋಗಬೇಕಾದವರು

ಈ ಲೇಖನದ ಸಲಹೆಗಳು ಸ್ನಾಯುಗಳ ಸಾಮಾನ್ಯ ನೋವಿಗೆ ಮಾತ್ರ ಅನ್ವಯಿಸುತ್ತವೆ. ಎದೆ ಹಿಂಡಿದಂತಾಗುವುದು, ಬೆವರು ಅಥವಾ ಉಸಿರಾಟದ ಕಷ್ಟದ ಜೊತೆಗೆ ಭುಜ, ಎಡಗೈ ಇಲ್ಲವೇ ದವಡೆ ನೋಯುತ್ತಿದ್ದರೆ ಅದನ್ನು ಕೂತು ಕೂತು ಬಂದ ನೋವೆಂದು ತಳ್ಳಿಹಾಕದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಸೊಂಟ ನೋವಿನೊಂದಿಗೆ ಮಲಮೂತ್ರದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ತೊಡೆಸಂದಿಯ ಭಾಗ ಮರಗಟ್ಟಿದರೆ ಅದೂ ತುರ್ತು. ಕೈಯಲ್ಲಾಗಲಿ ಕಾಲಿನಲ್ಲಾಗಲಿ ಬಲ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಬಿದ್ದು ಏಟಾದ ಮೇಲೆ ನೋವು ಶುರುವಾಗಿದ್ದರೆ, ಮಲಗಿದರೂ ಕಡಿಮೆಯಾಗದೆ ರಾತ್ರಿಯೆಲ್ಲ ಕಾಡುತ್ತಿದ್ದರೆ ವೈದ್ಯರಿಗೆ ತೋರಿಸಿಯೇ ಮುಂದುವರಿಯಬೇಕು.

ನೋವು ಎಲ್ಲಿ, ಯಾವಾಗ ಎಂದು ಬರೆದುಕೊಳ್ಳಿ

ಒಂದು ವಾರದ ಮಟ್ಟಿಗೆ, ನೋವು ಬಂದಾಗಲೆಲ್ಲ ಅದು ಎಲ್ಲಿ ಬಂತು, ಆ ಹೊತ್ತಿಗೆ ಯಾವ ಕೆಲಸ ನಡೆದಿತ್ತು ಎಂಬುದನ್ನು ಡೈರಿಯ ಮೂಲೆಯಲ್ಲಿ ಒಂದು ಸಾಲು ಗುರುತು ಹಾಕಿಕೊಳ್ಳಬೇಕು. ಇದನ್ನು ಬಿಟ್ಟು ನೇರವಾಗಿ ಹೊಸ ಕುರ್ಚಿ ಕೊಳ್ಳಲು ಹೋಗುವವರೇ ಹೆಚ್ಚು, ಮತ್ತು ಆ ಹಣ ಸಾಮಾನ್ಯವಾಗಿ ವ್ಯರ್ಥ. ಎರಡೂ ಹೆಗಲುಗಳ ಮೇಲ್ಭಾಗ ಕಲ್ಲಿನಂತೆ ಗಟ್ಟಿಯಾಗಿದ್ದರೆ ಮೇಜು ನಿಮಗೆ ಎತ್ತರವಾಗಿದೆ ಎಂದು ಅನುಮಾನಿಸಬೇಕು. ಕತ್ತಿನ ಒಂದೇ ಪಕ್ಕ ನೋಯುತ್ತಿದ್ದರೆ ನೀವು ನೋಡಿ ಬರೆಯುವ ಕಾಗದವೋ ಕೌಂಟರಿನ ಕಿಂಡಿಯೋ ಆ ಪಕ್ಕಕ್ಕೆ ಅಥವಾ ಅದರ ಎದುರು ಪಕ್ಕಕ್ಕಿರುತ್ತದೆ. ಬಲ ಭುಜದ ಹೊರಭಾಗದ ನೋವು ದೂರವಿರುವ ಮೌಸಿನ ಕಡೆಗೆ ಬೆರಳು ತೋರಿಸುತ್ತದೆ. ಸೊಂಟದ ನೋವು ಬೆಳಿಗ್ಗೆ ಕಡಿಮೆಯಿದ್ದು ಮಧ್ಯಾಹ್ನ ಊಟದ ಹೊತ್ತಿಗೆ ಹೆಚ್ಚಾಗುತ್ತಿದ್ದರೆ ಕೂರುವ ಅವಧಿಯನ್ನೂ ಕುರ್ಚಿಯ ಬೆನ್ನನ್ನೂ ನೋಡಬೇಕು. ಬೇಲೂರು, ಆಲೂರು, ಅರಸೀಕೆರೆಗಳಿಂದ ದಿನವೂ ಬಸ್ಸಿನಲ್ಲೋ ಬೈಕಿನಲ್ಲೋ ಬಂದು ಹೋಗುವವರು ಆ ಪ್ರಯಾಣವನ್ನೂ ಬರೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಅದೂ ಕೂರುವ ಲೆಕ್ಕಕ್ಕೇ ಸೇರುತ್ತದೆ.

ಮೇಜು ಮತ್ತು ಕುರ್ಚಿ: ಅಳತೆ ಮೊಣಕೈಯಿಂದ ಶುರುವಾಗಲಿ

ಕಚೇರಿಯ ಮೇಜುಗಳ ಸಾಮಾನ್ಯ ಎತ್ತರ 30 ಅಂಗುಲ, ಅಂದರೆ ಸುಮಾರು 75 ಸೆಂ.ಮೀ. ಐದು ಅಡಿ ಎತ್ತರದ ಮಹಿಳೆಯೊಬ್ಬರು ಪಾದ ನೆಲಕ್ಕೂರಿ ಕುಳಿತರೆ ಅವರ ಮೊಣಕೈ ನೆಲದಿಂದ ಸುಮಾರು 60 ಸೆಂ.ಮೀ. ಮಟ್ಟದಲ್ಲಿರುತ್ತದೆ. ಈ 15 ಸೆಂ.ಮೀ. ಅಂತರವನ್ನು ತುಂಬುವುದಕ್ಕೆ ಅವರು ದಿನವಿಡೀ ಎರಡೂ ಹೆಗಲುಗಳನ್ನು ಎತ್ತಿ ಹಿಡಿದುಕೊಂಡೇ ಟೈಪ್ ಮಾಡುತ್ತಾರೆ, ಮತ್ತು ಹಾಗೆ ಎತ್ತಿದ್ದೇವೆಂಬುದು ಅವರ ಗಮನಕ್ಕೂ ಬಂದಿರುವುದಿಲ್ಲ. ನಮ್ಮ ಕಚೇರಿಗಳಲ್ಲಿ ಗಂಡಸರಿಗಿಂತ ಹೆಂಗಸರು ಕತ್ತು ಭುಜದ ನೋವನ್ನು ಹೆಚ್ಚಾಗಿ ಹೇಳಿಕೊಂಡಾಗ ಮನೆಗೆಲಸದ ಆಯಾಸವೆಂದು ಅದನ್ನು ಬದಿಗೆ ಸರಿಸುವುದುಂಟು. ಮೊದಲು ಮೇಜಿಗೆ ಟೇಪು ಹಿಡಿದು ನೋಡುವುದು ನ್ಯಾಯ.

ಕುರ್ಚಿಯಲ್ಲಿ ಕುಳಿತು ತೋಳುಗಳನ್ನು ಪಕ್ಕಕ್ಕೆ ಸಡಿಲವಾಗಿ ಇಳಿಬಿಟ್ಟು, ಮೊಣಕೈಯನ್ನು 90 ಡಿಗ್ರಿಗಿಂತ ತುಸು ಹೆಚ್ಚು ತೆರೆದು ಮುಂಗೈಗಳನ್ನು ಮುಂದಕ್ಕೆ ಚಾಚಿರಿ. ಕೀಬೋರ್ಡ್ ಆ ಮಟ್ಟದಲ್ಲಿ ಅಥವಾ ಒಂದು ಬೆರಳಿನಷ್ಟು ಕೆಳಗೆ ಇರಬೇಕು. ಕುರ್ಚಿಯನ್ನು ಏರಿಸಲು ಬರುವಂತಿದ್ದರೆ ಆ ಮಟ್ಟ ಸಿಗುವವರೆಗೆ ಏರಿಸಬೇಕು. ನಾಲ್ಕು ಕಾಲಿನ ಮರದ ಕುರ್ಚಿಯಾದರೆ ಕೆಳಗೆ ಗಟ್ಟಿ ಫೋಮಿನ ದಿಂಬು ಹಾಕಬಹುದು. ಮೆತ್ತನೆಯ ಹತ್ತಿಯ ದಿಂಬು ಅರ್ಧ ಗಂಟೆಯಲ್ಲಿ ಕುಸಿದು ಮೊದಲಿನ ಮಟ್ಟಕ್ಕೇ ತಂದು ಕೂರಿಸುತ್ತದೆ. ಮೇಜಿನಡಿ ಎಳೆಯುವ ಟ್ರೇ ಇದ್ದರೆ ಕೆಲಸ ಇನ್ನೂ ಸುಲಭ. ಬಹಳ ಕಚೇರಿಗಳಲ್ಲಿ ಆ ಟ್ರೇಯೊಳಗೆ ಸೀಲು, ಇಂಕ್‌ಪ್ಯಾಡು, ಕೆಲವೊಮ್ಮೆ ಊಟದ ಡಬ್ಬಿಯೂ ಸುಖವಾಗಿ ಕೂತಿರುತ್ತವೆ, ಕೀಬೋರ್ಡ್ ಮಾತ್ರ ಮೇಲಿರುತ್ತದೆ. ಅವುಗಳ ಜಾಗ ಅದಲುಬದಲಾದರೆ ಖರ್ಚಿಲ್ಲದೆ ಹೆಗಲು ಇಳಿಯುತ್ತದೆ.

ಕುರ್ಚಿ ಏರಿಸಿದೊಡನೆ ಕುಳ್ಳಗಿರುವವರ ಪಾದ ನೆಲ ಬಿಡುತ್ತದೆ. ಪಾದ ತೂಗಾಡಿದರೆ ತೊಡೆಯ ಹಿಂಭಾಗಕ್ಕೆ ಕುರ್ಚಿಯ ಅಂಚು ಒತ್ತಿ ಕಾಲು ಜೋಮು ಹಿಡಿಯುವುದಲ್ಲದೆ, ಸೊಂಟವೂ ಮುಂದಕ್ಕೆ ಜಾರುತ್ತದೆ. ಮನೆಯಲ್ಲಿ ಕೂರಲು ಬಳಸುವ ಮರದ ಮಣೆಯೊಂದನ್ನು ತಂದು ಕಾಲಡಿ ಇಟ್ಟುಕೊಂಡರೆ ಸಾಕು. ಒಂದು ಸಾಲದಿದ್ದರೆ ಒಂದರ ಮೇಲೊಂದನ್ನು ಮೊಳೆ ಹೊಡೆದು ಕೂಡಿಸಬಹುದು. ಹಳೆಯ ಕಡತಗಳ ಕಟ್ಟು ಕೈಗೆ ಸಿಗುವಂತಿದ್ದರೂ ಕಾಗದದ ಮೇಲೆ ಕಾಲಿಡಲು ನಮ್ಮವರಿಗೆ ಮನಸ್ಸು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಇನ್ನು ಬೆನ್ನು. ಕುರ್ಚಿಯ ತುದಿಯಲ್ಲಿ ಕೂರದೆ ಹಿಂದಕ್ಕೆ ಸರಿದು, ಬೆನ್ನು ಪೂರ್ತಿ ಒರಗುವಂತೆ ಕೂರಬೇಕು. ಹಾಗೆ ಕೂತಾಗ ಮಂಡಿಯ ಹಿಂದೆ ಎರಡು ಮೂರು ಬೆರಳು ತೂರುವಷ್ಟು ಜಾಗ ಉಳಿಯಬೇಕು. ಲಂಬವಾಗಿ ಸೆಟೆದು ಕೂರುವುದೇ ಸರಿಯಾದ ಭಂಗಿ ಎಂಬ ಶಾಲೆಯ ಪಾಠವನ್ನು ಇಲ್ಲಿ ಮರೆಯಬಹುದು. ತೊಡೆಗೂ ಬೆನ್ನಿಗೂ ನಡುವಿನ ಕೋನ 100ರಿಂದ 110 ಡಿಗ್ರಿಯಾಗುವಷ್ಟು ಬೆನ್ನನ್ನು ಹಿಂದಕ್ಕೆ ಒರಗಿಸಿದಾಗ ಸೊಂಟದ ಮೇಲಿನ ಒತ್ತಡ ಕಡಿಮೆ. ಸಾಹೇಬರ ಕುರ್ಚಿಗಳ ಮೇಲೆ ಹೊದಿಸುವ ಟರ್ಕಿ ಟವೆಲನ್ನು ತೆಗೆದು, ಬಿಗಿಯಾಗಿ ಸುತ್ತಿ, ಎರಡು ಕಡೆ ದಾರ ಕಟ್ಟಿ, ಬೆಲ್ಟು ಬರುವ ಮಟ್ಟದಲ್ಲಿ ಸೊಂಟದ ಹಿಂದಿನ ಬಳುಕಿಗೆ ಇಟ್ಟುಕೊಂಡರೆ ಅಂಗಡಿಯ ಸೊಂಟದ ದಿಂಬಿನಷ್ಟೇ ಕೆಲಸ ಮಾಡುತ್ತದೆ. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟುಕೊಂಡು ಕೂರುವ ಅಭ್ಯಾಸವನ್ನು ಬಿಡಬೇಕು.

ಪರದೆ, ಕಾಗದ ಮತ್ತು ಕೌಂಟರಿನ ಕಿಂಡಿ

ಪರದೆ ಒಂದು ತೋಳಿನ ದೂರದಲ್ಲಿ, ಅಂದರೆ ಸುಮಾರು 50ರಿಂದ 70 ಸೆಂ.ಮೀ. ಅಂತರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಬೇಕು. ಎತ್ತರ ಸಾಲದಿದ್ದರೆ ಎ4 ಕಾಗದದ ತೆರೆಯದ ರೀಮುಗಳನ್ನು ಬಳಸಬಹುದು; 500 ಹಾಳೆಯ ಒಂದು ರೀಮು ಸುಮಾರು 5 ಸೆಂ.ಮೀ. ದಪ್ಪವಿರುವುದರಿಂದ ಎಷ್ಟು ಬೇಕೆಂದು ಲೆಕ್ಕ ಹಾಕುವುದೂ ಸುಲಭ. ಆದರೆ ನಲವತ್ತು ದಾಟಿ ಚಾಳೀಸು ಬಂದು, ಎರಡು ಭಾಗದ ಕನ್ನಡಕ ಹಾಕಿಕೊಳ್ಳುವವರಿಗೆ ಈ ನಿಯಮವೇ ಉಪದ್ರವ. ಅವರು ಕನ್ನಡಕದ ಕೆಳಭಾಗದಿಂದ ಓದಲು ಗಲ್ಲ ಎತ್ತಿ ಕತ್ತನ್ನು ಹಿಂದಕ್ಕೆ ಬಾಗಿಸುತ್ತಾರೆ; ಅಂಥವರು ಪರದೆಯನ್ನು ತಗ್ಗಿಸಿ ಸ್ವಲ್ಪ ಹಿಂದಕ್ಕೆ ವಾಲಿಸಬೇಕು, ಇಲ್ಲವೇ ಪರದೆಯ ದೂರಕ್ಕೆಂದೇ ಒಂದು ಕನ್ನಡಕ ಮಾಡಿಸಿಕೊಳ್ಳಬೇಕು. ಅಕ್ಷರ ಸಣ್ಣದೆಂದು ಮುಂದಕ್ಕೆ ಬಾಗುವವರು ಅಕ್ಷರದ ಗಾತ್ರವನ್ನು ಹೆಚ್ಚಿಸಿಕೊಂಡರೆ ಅರ್ಧ ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಪರದೆಯನ್ನು ಕಣ್ಣಿಗೆ ಸರಿಮಾಡಿದರೆ ಕೈ ಎತ್ತರವಾಗುತ್ತದೆ, ಕೈಗೆ ಸರಿಮಾಡಿದರೆ ಕತ್ತು ಬಾಗುತ್ತದೆ. ದಿನಕ್ಕೆ ಒಂದೆರಡು ಗಂಟೆಗಿಂತ ಹೆಚ್ಚು ಬಳಸುವವರು ಪ್ರತ್ಯೇಕ ಕೀಬೋರ್ಡ್ ಮತ್ತು ಮೌಸ್ ಕೊಳ್ಳಲೇಬೇಕು. ಈ ಇಡೀ ಲೇಖನದಲ್ಲಿ ಹಣ ಖರ್ಚು ಮಾಡಿ ಎಂದು ಖಂಡಿತವಾಗಿ ಹೇಳಬಹುದಾದ ವಸ್ತು ಇದೊಂದೇ. ತೋಟದ ಆಫೀಸಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವ ರೈಟರುಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಅರ್ಜಿ ನೋಡಿಕೊಂಡು ವಿವರ ತುಂಬುವವರ ಕತ್ತು ನಿಮಿಷಕ್ಕೆ ಹಲವು ಬಾರಿ ಮೇಜಿನಿಂದ ಪರದೆಗೆ ಏರಿ ಇಳಿಯುತ್ತದೆ. ಮಕ್ಕಳು ಪರೀಕ್ಷೆಗೆ ಒಯ್ಯುವ ಕ್ಲಿಪ್ ಇರುವ ರಟ್ಟನ್ನು ಪರದೆಯ ಪಕ್ಕಕ್ಕೆ ಅಥವಾ ಪರದೆಗೂ ಕೀಬೋರ್ಡಿಗೂ ನಡುವೆ ಓರೆಯಾಗಿ ನಿಲ್ಲಿಸಿ, ಅರ್ಜಿಯನ್ನು ಅದಕ್ಕೆ ಸಿಕ್ಕಿಸಿಕೊಂಡರೆ ಕತ್ತಿನ ಬದಲು ಕಣ್ಣು ಮಾತ್ರ ಓಡಾಡುತ್ತದೆ. ಕೌಂಟರಿನಲ್ಲಿ ಕೂರುವವರು ಕಿಂಡಿಯ ಕಡೆಗೆ ಕತ್ತನ್ನಷ್ಟೇ ತಿರುಗಿಸದೆ ಕುರ್ಚಿಯನ್ನೇ ತಿರುಗಿಸಬೇಕು, ಸಾಧ್ಯವಾದರೆ ಪರದೆಯನ್ನು ಕಿಂಡಿಗೆ ಹತ್ತಿರ ಸರಿಸಿ ಎರಡೂ ಒಂದೇ ನೋಟಕ್ಕೆ ಸಿಗುವಂತೆ ಮಾಡಬೇಕು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಟೈಪ್ ಮಾಡುವುದನ್ನು ಇಂದೇ ನಿಲ್ಲಿಸಬೇಕು.

ಕೈ ಬೆರಳುಗಳು: ಕನ್ನಡ ಟೈಪಿಂಗಿನ ವಿಶೇಷ ಹೊರೆ

ಇಂಗ್ಲಿಷ್ ಟೈಪಿಂಗ್ ಕುರಿತ ಸಲಹೆಗಳಲ್ಲಿ ಕಾಣದ ತೊಂದರೆಯೊಂದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಳಸುವವರಿಗಿದೆ. ಅದರ ಕೆಜಿಪಿ ಎಂಬ ಕೀಲಿ ವಿನ್ಯಾಸದಲ್ಲಿ ದೀರ್ಘಕ್ಕೂ ಮಹಾಪ್ರಾಣಕ್ಕೂ ಶಿಫ್ಟ್ ಒತ್ತಬೇಕು, ಒತ್ತಕ್ಷರಕ್ಕೆ ಎಫ್ ಕೀಲಿ ಬೇಕು. ಚಿಕ್ಕಮಗಳೂರು ಎಂಬ ಒಂದು ಹೆಸರಿಗೇ ಎಫ್ ಒಮ್ಮೆ, ಶಿಫ್ಟ್ ಎರಡು ಬಾರಿ ಬೇಕಾಗುತ್ತದೆ. ಹಾಸನ ಎಂದು ಬರೆಯುವಾಗ ಬರುವ ದೀರ್ಘಕ್ಕೆ ಎ ಕೀಲಿಯನ್ನು ಎಡಗೈಯ ಕಿರುಬೆರಳು ಒತ್ತಬೇಕಾದ್ದರಿಂದ ಶಿಫ್ಟನ್ನು ಬಲಗೈಯಲ್ಲಿ ಹಿಡಿಯುವುದು ಸರಿಯಾದ ಕ್ರಮ. ಆದರೆ ಬಹುತೇಕರು ಎಡಗೈಯ ಕಿರುಬೆರಳಿನಲ್ಲೇ ಶಿಫ್ಟ್ ಹಿಡಿದು, ಪಕ್ಕದ ಬೆರಳನ್ನು ತಿರುಚಿ ಎ ಒತ್ತುತ್ತಾರೆ. ದಿನಕ್ಕೆ ನೂರಾರು ಬಾರಿ ಹೀಗಾದಾಗ ಎಡ ಮುಂಗೈಯ ಹೊರಬದಿ ನೋಯದೆ ಇರುವುದಿಲ್ಲ. ಎಡಗೈ ಅಕ್ಷರಕ್ಕೆ ಬಲ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡ ಶಿಫ್ಟ್ ಎಂಬುದನ್ನು ರೂಢಿಸಿಕೊಳ್ಳಲು ಮೊದಲ ಕೆಲವು ದಿನ ವೇಗ ಕಡಿಮೆಯಾಗುತ್ತದೆ, ಆದರೆ ಅದು ಬೇಗನೆ ಮರಳುತ್ತದೆ.

ಕೀಬೋರ್ಡಿನ ಹಿಂದಿನ ಪುಟ್ಟ ಕಾಲುಗಳನ್ನು ಮಡಚಿಡಬೇಕು. ಅವು ಎತ್ತರವಾದಷ್ಟೂ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ. ಟೈಪ್ ಮಾಡುವಾಗ ಮಣಿಕಟ್ಟನ್ನು ಮೇಜಿನ ಚೂಪು ಅಂಚಿಗೆ ಊರಬಾರದು. ಸಂಖ್ಯೆಗಳ ಭಾಗವನ್ನು ಬಳಸದವರು ಕೀಬೋರ್ಡನ್ನು ಸ್ವಲ್ಪ ಎಡಕ್ಕೆ ಸರಿಸಿದರೆ ಮೌಸ್ ತಾನಾಗಿಯೇ ಹತ್ತಿರಕ್ಕೆ ಬರುತ್ತದೆ. ಮೌಸನ್ನು ಮಣಿಕಟ್ಟಿನಿಂದ ಅಲ್ಲಾಡಿಸದೆ ಮೊಣಕೈಯಿಂದ ಚಲಿಸಬೇಕು, ಹಿಡಿತ ಸಡಿಲವಾಗಿರಬೇಕು.

ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿದು, ರಾತ್ರಿ ಎಚ್ಚರವಾಗಿ ಕೈ ಕೊಡವುವಂತಾದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಸಾಧ್ಯತೆಯಿದೆ. ಕಾರ್ಪಲ್ ಟನಲ್ ಎಂದು ವೈದ್ಯರು ಕರೆಯುವ ಈ ತೊಂದರೆ ಮಧುಮೇಹ, ಥೈರಾಯ್ಡ್ ಕೊರತೆ ಇರುವವರಲ್ಲಿ ಹೆಚ್ಚು, ಆದ್ದರಿಂದ ರಕ್ತಪರೀಕ್ಷೆಯೂ ಆಗಲಿ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದರೆ ಮೊಣಕೈಯನ್ನು ಮೇಜಿಗೆ ಊರುವ ಅಭ್ಯಾಸವಿದೆಯೇ ನೋಡಿಕೊಳ್ಳಬೇಕು. ಹೆಬ್ಬೆರಳಿನ ಬುಡದ ನೋವಿಗೆ ಕಚೇರಿಗಿಂತಲೂ ರಾತ್ರಿ ಮಲಗಿ ನೋಡುವ ಮೊಬೈಲ್ ಕಾರಣವಾಗಿರುವುದು ಅಪರೂಪವಲ್ಲ.

ಅಲುಗಾಟವನ್ನು ಕೆಲಸದೊಳಗೇ ಸೇರಿಸುವುದು

ಮೇಲಿನದೆಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿ ಮೂರು ಗಂಟೆ ಅಲುಗದೆ ಕೂತರೆ ನೋವು ಬಂದೇ ಬರುತ್ತದೆ. ಸುಮಾರು ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ಎದ್ದು ನಿಲ್ಲಬೇಕು. ಮೊಬೈಲ್ ಅಲಾರಂ ಇಟ್ಟುಕೊಳ್ಳಿ ಎಂಬ ಸಲಹೆ ಎರಡು ದಿನ ನಡೆಯುತ್ತದೆ, ಮೂರನೆಯ ದಿನ ಅದನ್ನು ಆರಿಸುತ್ತೇವೆ. ಅದರ ಬದಲು ಕೆಲಸದಲ್ಲೇ ಬರುವ ತಡೆಗಳನ್ನು ಬಳಸಿಕೊಳ್ಳುವುದು ಜಾಣತನ. ಸರ್ವರ್ ನಿಂತು ಪರದೆಯ ಮೇಲೆ ಚಕ್ರ ತಿರುಗತೊಡಗಿದಾಗ ಅದನ್ನೇ ದಿಟ್ಟಿಸುವ ಬದಲು ಎದ್ದು ನಿಂತು ಹೆಗಲು ತಿರುಗಿಸಬಹುದು, ಮತ್ತು ನಮ್ಮ ಕಡೆ ಆ ಅವಕಾಶಕ್ಕೆ ಕೊರತೆಯಿಲ್ಲ. ದೊಡ್ಡ ಬಾಟಲಿಯ ಬದಲು ಸಣ್ಣ ಲೋಟ ಇಟ್ಟುಕೊಂಡರೆ ನೀರಿಗಾಗಿ ಏಳಲೇಬೇಕಾಗುತ್ತದೆ. ಫೋನ್ ಬಂದರೆ ನಿಂತು ಮಾತಾಡಬಹುದು, ಪಕ್ಕದ ಶಾಖೆಯವರಿಗೆ ವಾಟ್ಸ್ಆ್ಯಪ್ ಕಳಿಸುವ ಬದಲು ನಡೆದು ಹೋಗಬಹುದು. ಕೌಂಟರಿನವರು ಇಂತಿಷ್ಟು ಅರ್ಜಿಗೊಮ್ಮೆ ಎಂದು ಗೊತ್ತುಮಾಡಿಕೊಂಡು, ಮುಂದಿನವರನ್ನು ಕರೆಯುವಾಗ ಎದ್ದು ನಿಲ್ಲಲಿ. ಕಣ್ಣಿಗೆ ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡುವುದು ಒಳ್ಳೆಯದು.

ಸಂಜೆ ಅಥವಾ ಬೆಳಿಗ್ಗೆಯ ನಡಿಗೆಗೆ ಹಾಸನದವರಿಗೆ ಮಹಾರಾಜ ಪಾರ್ಕ್ ಇದೆ, ಚಿಕ್ಕಮಗಳೂರಿನವರಿಗೆ ರತ್ನಗಿರಿ ಬೋರೆ ಇದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಇದು ಹೇಳಿದಷ್ಟು ಸುಲಭವಲ್ಲ; ಆ ತಿಂಗಳುಗಳಲ್ಲಿ ಕಚೇರಿಯ ಮೊಗಸಾಲೆಯನ್ನೂ ಮೆಟ್ಟಿಲುಗಳನ್ನೂ ನೆಚ್ಚಿಕೊಳ್ಳಬೇಕು.

ಸ್ನಾಯುಗಳಿಗೆ ಬಲ ತುಂಬುವುದು

ಕತ್ತನ್ನು ಅತ್ತಿತ್ತ ಎಳೆಯುವ ವ್ಯಾಯಾಮಗಳು ಆ ಹೊತ್ತಿಗೆ ಹಿತವೆನಿಸುತ್ತವೆ, ಆದರೆ ಹೆಚ್ಚು ಕಾಲ ನಿಲ್ಲುವ ಲಾಭ ಬಲ ಹೆಚ್ಚಿಸುವ ವ್ಯಾಯಾಮದಿಂದ ಸಿಗುತ್ತದೆ. ಡೆನ್ಮಾರ್ಕ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕತ್ತು ಭುಜದ ನೋವಿದ್ದ ಕಚೇರಿ ನೌಕರರು 10 ವಾರ ರಬ್ಬರ್ ಪಟ್ಟಿಯಿಂದ ವ್ಯಾಯಾಮ ಮಾಡಿದಾಗ, ದಿನಕ್ಕೆ 2 ನಿಮಿಷ ಮಾಡಿದವರಿಗೂ 12 ನಿಮಿಷ ಮಾಡಿದವರಿಗೂ ನೋವು ಗಮನಾರ್ಹವಾಗಿ ಇಳಿದಿತ್ತು. ಪಟ್ಟಿಯ ನಡುಭಾಗವನ್ನು ಪಾದದಡಿ ತುಳಿದು, ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈ ತುಸು ಬಾಗಿಸಿ, ತೋಳುಗಳನ್ನು ಪಕ್ಕದಿಂದ ಭುಜದ ಮಟ್ಟದವರೆಗೆ ನಿಧಾನವಾಗಿ ಎತ್ತಿ ಇಳಿಸುವುದಷ್ಟೇ ಆ ವ್ಯಾಯಾಮ. ಪಟ್ಟಿ ಸಿಗದಿದ್ದರೆ ಅರ್ಧ ಲೀಟರಿನ ನೀರಿನ ಬಾಟಲಿಗಳನ್ನು ಹಿಡಿದು ಶುರುಮಾಡಬಹುದು. ಹೆಗಲು ಕಿವಿಯ ಕಡೆಗೆ ಏರದಂತೆ ಎಚ್ಚರವಿರಲಿ.

ಇದರ ಜೊತೆಗೆ ಗಲ್ಲವನ್ನು ಬಗ್ಗಿಸದೆ ನೇರ ಹಿಂದಕ್ಕೆ ಸರಿಸಿ ಐದು ಎಣಿಸುವುದು, ಹೆಗಲ ಹಿಂದಿನ ಎರಡು ರೆಕ್ಕೆ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತರುವುದು, ಇವೆರಡನ್ನು ಹತ್ತು ಹತ್ತು ಬಾರಿ ಕುರ್ಚಿಯಲ್ಲೇ ಮಾಡಬಹುದು. ಸೊಂಟಕ್ಕೆ ಮನೆಯಲ್ಲಿ ಸೇತುಬಂಧಾಸನ (ಅಂಗಾತ ಮಲಗಿ, ಮಂಡಿ ಮಡಚಿ ಸೊಂಟವನ್ನು ಮೇಲೆತ್ತುವುದು) ಸಾಕು. ಮಾಡುವಾಗ ಸಣ್ಣ ಸೆಳೆತ ಬಂದರೆ ಅಡ್ಡಿಯಿಲ್ಲ. ನೋವು ಕೈ ಅಥವಾ ಕಾಲಿನೊಳಗೆ ಹರಿದು ಇಳಿದರೆ ನಿಲ್ಲಿಸಬೇಕು.

ನೋವು ಕೆರಳಿದ ದಿನ

ಕತ್ತು ಅಥವಾ ಸೊಂಟ ಹಿಡಿದುಕೊಂಡಾಗ 15ರಿಂದ 20 ನಿಮಿಷ ಬಿಸಿ ಶಾಖ ಕೊಡಬಹುದು. ಮಧುಮೇಹದಿಂದ ಚರ್ಮದ ಸ್ಪರ್ಶ ಕುಂದಿರುವವರು ಶಾಖದ ಬಿಸಿಯನ್ನು ಬೇರೆಯವರಿಂದ ಮುಟ್ಟಿಸಿ ನೋಡಬೇಕು. ಹಾಸಿಗೆ ಹಿಡಿದು ದಿನಗಟ್ಟಲೆ ಮಲಗುವುದರಿಂದ ಸೊಂಟ ನೋವು ಬೇಗ ವಾಸಿಯಾಗುವುದಿಲ್ಲ, ಬದಲಾಗಿ ಆದಷ್ಟು ಓಡಾಡುತ್ತಿರಬೇಕು. ಎಣ್ಣೆ ತಿಕ್ಕಿಸಿಕೊಳ್ಳುವುದು ಬಿಗಿ ಸಡಿಲಿಸುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಕ್ಷೌರದಂಗಡಿಯಲ್ಲಿ ಕತ್ತನ್ನು ಗಕ್ಕನೆ ತಿರುಗಿಸಿ ಲಟಕ್ಕೆನಿಸಿಕೊಳ್ಳುವುದು ಮಿದುಳಿಗೆ ಹೋಗುವ ರಕ್ತನಾಳವನ್ನೇ ಹರಿಯಬಲ್ಲ ಅಪಾಯದ ಕೆಲಸ. ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗುವವರು, ಅದರಲ್ಲೂ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಅಥವಾ ಹೊಟ್ಟೆಯ ಹುಣ್ಣು ಇರುವವರು, ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಸೊಂಟದ ಬೆಲ್ಟು, ಕತ್ತಿನ ಪಟ್ಟಿಗಳನ್ನು ತಿಂಗಳುಗಟ್ಟಲೆ ಕಟ್ಟಿಕೊಂಡರೆ ಸ್ನಾಯುಗಳು ಇನ್ನಷ್ಟು ಸೋಲುತ್ತವೆ. ಮೇಲೆ ಹೇಳಿದ ಅಪಾಯದ ಲಕ್ಷಣಗಳಿಲ್ಲದಿದ್ದರೆ ಮೊದಲ ಆರು ವಾರಗಳಲ್ಲಿ ಸೊಂಟದ ಎಂಆರ್‌ಐ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಕಚೇರಿಯವರನ್ನು ಕೇಳುವಾಗ, ವೈದ್ಯರನ್ನು ಕಾಣುವಾಗ

ಕಚೇರಿಗೆ ಹೊಸ ಕುರ್ಚಿಗಳ ಬೇಡಿಕೆ ಸಲ್ಲಿಸುವ ಅವಕಾಶ ಬಂದರೆ, "ಒಳ್ಳೆಯ ಕುರ್ಚಿ" ಎಂದಷ್ಟೇ ಬರೆಯಬಾರದು. ಎತ್ತರ ಹೊಂದಿಸಲು ಬರುವ, ಬೆನ್ನಿನ ಒರಗು ಹೊಂದಿಸಲು ಬರುವ, ಕೈಯಾಸರೆಯನ್ನು ಏರಿಸಿ ಇಳಿಸಬಹುದಾದ, ಐದು ಗಾಲಿಯ ಕುರ್ಚಿ ಎಂದು ಸ್ಪಷ್ಟವಾಗಿ ನಮೂದಿಸಬೇಕು. ಇಲ್ಲದಿದ್ದರೆ ನೋಡಲು ದಪ್ಪಗಿರುವ, ಯಾರಿಗೂ ಹೊಂದದ ಕುರ್ಚಿಗಳು ಬಂದು ಬೀಳುತ್ತವೆ.

ಮೂರು ನಾಲ್ಕು ವಾರ ಇವನ್ನೆಲ್ಲ ಪಾಲಿಸಿದರೂ ನೋವು ಇಳಿಯದಿದ್ದರೆ ಮೂಳೆ ತಜ್ಞರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಬೇಕು. ಹಾಸನದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಿದೆ, ಚಿಕ್ಕಮಗಳೂರಿನಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಹೋಗುವಾಗ ಡೈರಿಯಲ್ಲಿ ಗುರುತು ಹಾಕಿಕೊಂಡ ಹಾಳೆಯ ಜೊತೆಗೆ, ನೀವು ಕೆಲಸ ಮಾಡುತ್ತಿರುವಾಗ ಸಹೋದ್ಯೋಗಿಯಿಂದ ಪಕ್ಕದಿಂದ ತೆಗೆಸಿಕೊಂಡ ಒಂದು ಮೊಬೈಲ್ ಫೋಟೋ ಇಟ್ಟುಕೊಳ್ಳಿ. ನೀವು ನೇರವಾಗಿ ಕೂತು ಪೋಸು ಕೊಡುವ ಮೊದಲೇ, ನಿಮಗೆ ತಿಳಿಯದ ಹಾಗೆ ಅದನ್ನು ತೆಗೆಯಲು ಅವರಿಗೆ ಹೇಳಿಟ್ಟಿರಬೇಕು.